ಹಿಟ್ಲರ್‌ನನ್ನು "ಕೆಲಸಕ್ಕೆ ಇಟ್ಟುಕೊಂಡ" ಪಾಪೆನ್

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಹಿಟ್ಲರ್ ಚುನಾವಣೆಯಲ್ಲಿ ಗೆದ್ದು ಅಧಿಕಾರಕ್ಕೆ ಬಂದ ಅಂತ ಹೇಳುತ್ತಿದ್ದೆ. ಒಬ್ಬ ಹುಡುಗಿ ಎದ್ದು ನಿಂತು, "ಸರ್, ಅವನಿಗೆ ಬಹುಮತ ಬಂದೇ ಇರಲಿಲ್ವಂತೆ, ಪಾಪೆನ್ ಅಂತ ಯಾರೋ ತಂದು ಕೂರಿಸಿದರಂತೆ" ಅಂದಳು. ನಾನು ತಬ್ಬಿಬ್ಬಾದೆ. ಈ ಪಾಪೆನ್ ಯಾರು? ಅವನು ಮೋಸ ಹೋದನಾ, ಇಲ್ಲ ಗೊತ್ತಿದ್ದೇ ಮಾಡಿದನಾ? ಕೊನೆಗೆ ಅವನಿಗೆ ಶಿಕ್ಷೆ ಆಯ್ತಾ?

ಉತ್ತರ:

ಮೇಷ್ಟ್ರೇ, ಆ ಹುಡುಗಿ ಹೇಳಿದ್ದು ಸರಿ. ಅವಳಿಗೆ ಒಂದು ಶಹಬ್ಬಾಸ್ ಕೊಡಿ.

ಮೊದಲು ಲೆಕ್ಕ ನೋಡೋಣ. 1932ರ ಜುಲೈ 31ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಶೇಕಡಾ 37ರಷ್ಟು ಮತ ಬಂತು. 608 ಸ್ಥಾನಗಳಲ್ಲಿ 230. ಸಂಸತ್ತಿನಲ್ಲಿ ಅದೇ ದೊಡ್ಡ ಪಕ್ಷ, ನಿಜ. ಆದರೆ ಬಹುಮತಕ್ಕೆ ತುಂಬ ದೂರ. ಅದೇ ವರ್ಷ ನವೆಂಬರ್ 6ಕ್ಕೆ ಇನ್ನೊಂದು ಚುನಾವಣೆ ಆಯ್ತು. ಆಗ ಅವರ ಮತ 33ಕ್ಕೆ ಇಳಿಯಿತು, ಸ್ಥಾನ 196ಕ್ಕೆ. ಮೂರು ತಿಂಗಳಲ್ಲಿ ಸುಮಾರು 20 ಲಕ್ಷ ಮತ ಕೈಬಿಟ್ಟಿತ್ತು. ಪಕ್ಷದ ಖಜಾನೆ ಖಾಲಿ, ಮೈತುಂಬ ಸಾಲ. ಡಿಸೆಂಬರ್‌ನಲ್ಲಿ ಪಕ್ಷದ ಎರಡನೇ ಸಾಲಿನ ದೊಡ್ಡ ನಾಯಕ ಗ್ರೆಗೊರ್ ಸ್ಟ್ರಾಸರ್ ಹಿಟ್ಲರ್ ಜೊತೆ ಜಗಳವಾಡಿ ಎಲ್ಲಾ ಹುದ್ದೆಗೂ ರಾಜೀನಾಮೆ ಕೊಟ್ಟ. 1932ರ ಕ್ರಿಸ್‌ಮಸ್ ಹೊತ್ತಿಗೆ ಬರ್ಲಿನ್‌ನಲ್ಲಿ ಅನೇಕರು "ಇವನ ಕಥೆ ಮುಗೀತು" ಅಂತಲೇ ಅಂದುಕೊಂಡಿದ್ದರು.

ಅದಾಗಿ ಐದು ವಾರಕ್ಕೆ ಅವನು ಚಾನ್ಸಲರ್, ಅಂದರೆ ಪ್ರಧಾನಿ. ನಡುವೆ ದೇಶದ ಚುನಾವಣೆ ಯಾವುದೂ ನಡೆಯಲಿಲ್ಲ. ಹಾಗಾದರೆ ಆ ಐದು ವಾರದಲ್ಲಿ ಏನಾಯ್ತು? ಅಲ್ಲಿ ಬರುವ ಮನುಷ್ಯನೇ ಫ್ರಾಂಟ್ಸ್ ಫಾನ್ ಪಾಪೆನ್.

ಅವನು ಹುಟ್ಟಿದ್ದು 1879ರಲ್ಲಿ, ವೆಸ್ಟ್‌ಫಾಲಿಯಾದ ವೆರ್ಲ್ ಊರಲ್ಲಿ. ಹಳೇ ಕ್ಯಾಥೊಲಿಕ್ ಜಮೀನ್ದಾರಿ ಮನೆತನ. ಕುದುರೆ ಸವಾರಿಯಲ್ಲಿ ಎತ್ತಿದ ಕೈ, ಅಶ್ವದಳದ ಅಧಿಕಾರಿ. ಮದುವೆಯಾದದ್ದು ಸಾರ್ ಪ್ರಾಂತ್ಯದ ಶ್ರೀಮಂತ ಪಿಂಗಾಣಿ ಕಾರ್ಖಾನೆ ಮನೆತನದ ಹುಡುಗಿಯನ್ನು. ಮಾತು ಚೆಂದ, ಉಡುಪು ಚೆಂದ, ಫ್ರೆಂಚ್ ಸರಾಗ. ಅವನನ್ನು ಸ್ನೇಹಿತರೂ ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ, ಶತ್ರುಗಳೂ ತೆಗೆದುಕೊಳ್ಳುತ್ತಿರಲಿಲ್ಲ ಅಂತ ಆಗ ಬರ್ಲಿನ್‌ನಲ್ಲಿದ್ದ ಫ್ರಾನ್ಸಿನ ರಾಯಭಾರಿ ಬರೆದಿದ್ದಾನೆ.

ನಮ್ಮ ದೇಶದ ಚರಿತ್ರೆಯಲ್ಲೂ ಇವನ ನೆರಳು ಒಂದು ಕಡೆ ಬೀಳುತ್ತದೆ. ನಿಮ್ಮ ಮಕ್ಕಳಿಗೆ ಇಷ್ಟವಾಗಬಹುದು, ಅದಕ್ಕೇ ಹೇಳುತ್ತೇನೆ. ಮೊದಲ ಮಹಾಯುದ್ಧ ಶುರುವಾದಾಗ ಪಾಪೆನ್ ವಾಷಿಂಗ್ಟನ್‌ನ ಜರ್ಮನ್ ರಾಯಭಾರ ಕಚೇರಿಯಲ್ಲಿ ಸೇನಾ ಪ್ರತಿನಿಧಿ. ಬ್ರಿಟಿಷರ ವಿರುದ್ಧ ದಂಗೆ ಏಳಲು ಹೊರಟಿದ್ದ ಗದರ್ ಪಕ್ಷದ ಕ್ರಾಂತಿಕಾರಿಗಳಿಗೆ ಅಮೆರಿಕದಲ್ಲಿ ಬಂದೂಕು ಖರೀದಿ ಮಾಡಿಸಿದ್ದು ಇವನೇ. ಆನಿ ಲಾರ್ಸೆನ್ ಅನ್ನೋ ಹಡಗಿಗೆ ಅದನ್ನು ತುಂಬಿಸಿದರು. ನಡುದಾರಿಯಲ್ಲಿ ಮೇವರಿಕ್ ಅನ್ನೋ ಇನ್ನೊಂದು ಹಡಗು ಬಂದು ಸರಕು ಪಡೆಯಬೇಕಿತ್ತು. ಎರಡೂ ಒಂದನ್ನೊಂದು ಭೇಟಿಯಾಗಲೇ ಇಲ್ಲ. ಭಾರತಕ್ಕೆ ಒಂದು ಗುಂಡೂ ತಲುಪಲಿಲ್ಲ. 1915ರ ಕೊನೆಗೆ ಅಮೆರಿಕ ಇವನನ್ನು ಗೂಢಚಾರಿಕೆ, ವಿಧ್ವಂಸಕ ಕೆಲಸದ ಆರೋಪದ ಮೇಲೆ ಹೊರಗೆ ಹಾಕಿತು. ಊರಿಗೆ ಹೋಗುವ ದಾರಿಯಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿನಲ್ಲಿ ಬ್ರಿಟಿಷರು ಇವನ ಪೆಟ್ಟಿಗೆ ತಡಕಿದರೆ ಯಾರ್‍ಯಾರಿಗೆ ಎಷ್ಟೆಷ್ಟು ದುಡ್ಡು ಕೊಟ್ಟೆ ಅನ್ನುವ ಚೆಕ್ ಪುಸ್ತಕದ ಅರೆಚೀಟಿಗಳು ಹಾಗ್ಹಾಗೇ ಸಿಕ್ಕವು! ಗುಟ್ಟಿನ ಕೆಲಸ ಮಾಡಿ ಅದರ ಲೆಕ್ಕವನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುವ ಮನುಷ್ಯ. ಆತ್ಮವಿಶ್ವಾಸ ಜಾಸ್ತಿ, ಎಚ್ಚರ ಕಮ್ಮಿ. ಮುಂದಿನ ಕಥೆಗೂ ಇದು ಬೇಕಾಗುತ್ತದೆ.

ಯುದ್ಧ ಮುಗಿದ ಮೇಲೆ ಪ್ರಷ್ಯಾ ರಾಜ್ಯದ ಶಾಸನಸಭೆಯಲ್ಲಿ ಕ್ಯಾಥೊಲಿಕ್ ಪಕ್ಷವಾದ ಸೆಂಟರ್ ಪಕ್ಷದ ಹಿಂದಿನ ಬೆಂಚಿನ ಸದಸ್ಯನಾಗಿ ಕೂತ. ಮಂತ್ರಿಯಾದವನಲ್ಲ. ದೇಶದ ಸಂಸತ್ತಿಗೆ ಆರಿಸಿ ಬಂದವನೂ ಅಲ್ಲ. ಅಂಥವನು 1932ರ ಜೂನ್ 1ಕ್ಕೆ ಇದ್ದಕ್ಕಿದ್ದಂತೆ ಜರ್ಮನಿಯ ಚಾನ್ಸಲರ್ ಆದ.

ಹೇಗೆ ಅಂತೀರಾ? ಆಗ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷದ ಹತ್ತಿರ. ಸಂಸತ್ತಿನಲ್ಲಿ ಯಾರಿಗೂ ಬಹುಮತವಿಲ್ಲ. 1930ರಿಂದಲೇ ಸರ್ಕಾರಗಳು ನಡೆಯುತ್ತಿದ್ದದ್ದು ಸಂವಿಧಾನದ 48ನೇ ವಿಧಿಯ ಮೇಲೆ, ಅಂದರೆ ಅಧ್ಯಕ್ಷರ ಸುಗ್ರೀವಾಜ್ಞೆಯ ಮೇಲೆ. ಅಧ್ಯಕ್ಷ ಪೌಲ್ ಫಾನ್ ಹಿಂಡೆನ್‌ಬರ್ಗ್, 84 ವರ್ಷದ ಹಳೇ ಸೇನಾಪತಿ. ಅವನು ಸಹಿ ಹಾಕಿದರೆ ಕಾನೂನು. ಹಾಗಾಗಿ ಅಧಿಕಾರ ಅನ್ನೋದು ಮತಗಟ್ಟೆಯಿಂದ ಎದ್ದು ಹೋಗಿ ಆ ಮುದುಕನ ಪಡಸಾಲೆಯಲ್ಲಿ ಕೂತಿತ್ತು. ಅವನ ಕಿವಿಗೆ ಯಾರು ಹತ್ತಿರವೋ ಅವರದೇ ಆಟ. ಆಗ ಹತ್ತಿರವಿದ್ದವನು ಸೇನೆಯ ಜನರಲ್ ಕುರ್ಟ್ ಫಾನ್ ಶ್ಲೈಖರ್. ಅವನಿಗೆ ತಾನು ಹೇಳಿದಂತೆ ಕುಣಿಯುವ ಒಬ್ಬ ಚಾನ್ಸಲರ್ ಬೇಕಿತ್ತು. ಪಾಪೆನ್‌ಗೆ ತಲೆ ಇಲ್ಲವಲ್ಲ ಅಂತ ಯಾರೋ ಅಂದರಂತೆ. "ತಲೆ ಯಾಕೆ ಬೇಕು? ಅವನು ಟೋಪಿ" ಅಂದನಂತೆ ಶ್ಲೈಖರ್.

ಪಾಪೆನ್ ಆ ಕುರ್ಚಿ ಒಪ್ಪಿಕೊಂಡ ರೀತಿಯೂ ನೋಡಿ. ಅವನ ಪಕ್ಷದ ಅಧ್ಯಕ್ಷ ಕಾಸ್ ಅನ್ನೋ ಪಾದ್ರಿ. ಪಕ್ಷದವನೇ ಆದ ಹಿಂದಿನ ಚಾನ್ಸಲರ್ ಬ್ರೂನಿಂಗ್‌ನನ್ನು ಆಗಷ್ಟೇ ಕೆಳಗಿಳಿಸಿದ್ದರು. ಆ ಜಾಗಕ್ಕೆ ಹೋಗಬೇಡ ಅಂತ ಕಾಸ್ ಕೇಳಿಕೊಂಡ. ಹೋಗಲ್ಲ ಅಂತ ಪಾಪೆನ್ ಮಾತು ಕೊಟ್ಟ. ಅದೇ ದಿನ ಹಿಂಡೆನ್‌ಬರ್ಗ್ ಕರೆದು, ನೀನು ಸೈನಿಕ, ಕರೆದಾಗ ಬರಬೇಕು ಅಂದ. ಇವನು ಒಪ್ಪಿಕೊಂಡ. ಪಕ್ಷ ಹೊರಗೆ ಹಾಕುವ ಮೊದಲೇ ತಾನೇ ಹೊರಗೆ ಬಂದ. ಸಂಪುಟ ತುಂಬ ಶ್ರೀಮಂತ ಜಮೀನ್ದಾರರು, ಬಿರುದು ಇರುವವರು. ಜನ ಅದಕ್ಕೆ "ಬ್ಯಾರನ್‌ಗಳ ಸಂಪುಟ" ಅಂತ ಹೆಸರಿಟ್ಟರು.

ಅವನು ಮೋಸ ಹೋದನಾ ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ 1932ರ ಬೇಸಿಗೆಯಲ್ಲೇ ಇದೆ. ಸಾಮಾನ್ಯವಾಗಿ ಎಲ್ಲರೂ 1933ರ ಜನವರಿಯ ಸಂಚಿನಿಂದ ಕಥೆ ಶುರು ಮಾಡುತ್ತಾರೆ. ನನ್ನ ಪ್ರಕಾರ ಪಾಪೆನ್ ಮಾಡಿದ ದೊಡ್ಡ ಅನಾಹುತ ಅದಕ್ಕೂ ಆರು ತಿಂಗಳು ಮುಂಚಿನದು.

ಬ್ರೂನಿಂಗ್ ಸರ್ಕಾರ ಏಪ್ರಿಲ್‌ನಲ್ಲಿ ನಾಜಿಗಳ ಖಾಸಗಿ ದಂಡಾದ ಎಸ್‌ಎ ಮೇಲೆ ನಿಷೇಧ ಹಾಕಿತ್ತು. ಕಂದು ಅಂಗಿ ಹಾಕಿಕೊಂಡು ಬೀದಿಯಲ್ಲಿ ಹೊಡೆದಾಡುವ ಪಡೆ ಅದು. ಪಾಪೆನ್ ಬಂದವನೇ ಸಂಸತ್ತು ವಿಸರ್ಜಿಸಿದ, ಜೂನ್ ಮಧ್ಯದಲ್ಲಿ ಆ ನಿಷೇಧ ತೆಗೆದ. ಹಿಟ್ಲರ್ ತನ್ನ ಸರ್ಕಾರಕ್ಕೆ ಅಡ್ಡ ಬಾರದಿರಲಿ ಅನ್ನೋದಕ್ಕೆ ಕೊಟ್ಟ ಬೆಲೆ ಅದು. ಬೀದಿಗಳು ಮತ್ತೆ ಹೊತ್ತಿ ಉರಿದವು. ಜುಲೈ 17ರ ಭಾನುವಾರ ಹ್ಯಾಂಬರ್ಗ್ ಪಕ್ಕದ ಆಲ್ಟೋನಾದಲ್ಲಿ ಕಮ್ಯುನಿಸ್ಟರು ಜಾಸ್ತಿ ಇರುವ ಕೇರಿಗಳ ಒಳಗೇ ಎಸ್‌ಎ ಮೆರವಣಿಗೆ ಹೊರಟಿತು. ಗುಂಡು ಹಾರಿತು. 18 ಜನ ಸತ್ತರು.

ಮೂರೇ ದಿನಕ್ಕೆ ಪಾಪೆನ್ ಅದನ್ನೇ ನೆಪ ಮಾಡಿಕೊಂಡ. ಪ್ರಷ್ಯಾದಲ್ಲಿ ಕಾನೂನು ಸುವ್ಯವಸ್ಥೆ ಕೆಟ್ಟಿದೆ ಅಂದ. ಬೆಂಕಿಗೆ ಕಡ್ಡಿ ಗೀರಿದವನೇ ಹೊಗೆ ಬರ್ತಿದೆ ಅಂತ ದೂರು ಕೊಟ್ಟ ಹಾಗೆ.

ಪ್ರಷ್ಯಾ ಅಂದರೆ ಏನು ಅಂತ ಮಕ್ಕಳಿಗೆ ಹೇಳಬೇಕು. ಅದು ಜರ್ಮನಿಯ ಹತ್ತಾರು ರಾಜ್ಯಗಳಲ್ಲಿ ಒಂದು, ಆದರೆ ದೇಶದ ಐದರಲ್ಲಿ ಮೂರು ಪಾಲು ಜನ ಅಲ್ಲೇ ಇದ್ದರು. ಬರ್ಲಿನ್ ಅದರೊಳಗೆ. ದೇಶದ ಅತಿ ದೊಡ್ಡ ಪೊಲೀಸ್ ಪಡೆ ಅದರದು. ಅಲ್ಲಿ ಸರ್ಕಾರ ನಡೆಸುತ್ತಿದ್ದವರು ಸೋಷಿಯಲ್ ಡೆಮಾಕ್ರಾಟರು (ಕಮ್ಯುನಿಸ್ಟರಲ್ಲದ ಎಡಪಂಥೀಯ ಪಕ್ಷದವರು) ಮತ್ತು ಅವರ ಮಿತ್ರರು. ಗಣರಾಜ್ಯದ ಕೊನೆಯ ಕೋಟೆ ಅದು.

ಜುಲೈ 20ರ ಬೆಳಿಗ್ಗೆ 10 ಗಂಟೆಗೆ ಪ್ರಷ್ಯಾದ ಮೂವರು ಮಂತ್ರಿಗಳನ್ನು ಚಾನ್ಸಲರ್ ಕಚೇರಿಗೆ ಕರೆಸಿದ. ಅಲ್ಲಿನ ಮುಖ್ಯಮಂತ್ರಿ ಓಟ್ಟೋ ಬ್ರೌನ್ ಕಾಯಿಲೆ ರಜೆಯಲ್ಲಿದ್ದ. ಬಂದವರಿಗೆ ಪಾಪೆನ್ ಒಂದು ಸುಗ್ರೀವಾಜ್ಞೆ ತೋರಿಸಿದ. ನಿಮ್ಮ ಸರ್ಕಾರ ವಜಾ, ಇನ್ನು ಮುಂದೆ ಪ್ರಷ್ಯಾಕ್ಕೆ ನಾನೇ ಆಯುಕ್ತ. ಅಧ್ಯಕ್ಷರ ಸಹಿ ಮೊದಲೇ ಬಿದ್ದಿತ್ತು, ತಾರೀಕಿನ ಜಾಗ ಖಾಲಿ ಬಿಟ್ಟು. ಗೃಹಮಂತ್ರಿ ಸೆವೆರಿಂಗ್, ಬಲಪ್ರಯೋಗ ಮಾಡಿದರೆ ಮಾತ್ರ ಜಾಗ ಬಿಡ್ತೀನಿ ಅಂದ. ಸಂಜೆ ಹೊಸ ಪೊಲೀಸ್ ಮುಖ್ಯಸ್ಥ ಇಬ್ಬರು ಅಧಿಕಾರಿಗಳ ಜೊತೆ ಅವನ ಕೋಣೆಗೆ ಬಂದ. ಅಷ್ಟೇ "ಬಲಪ್ರಯೋಗ". ಸೆವೆರಿಂಗ್ ಎದ್ದು ಹೊರಟ. ಮುಷ್ಕರವಿಲ್ಲ, ಪ್ರತಿರೋಧವಿಲ್ಲ. ಕೋರ್ಟಿಗೆ ಹೋದರು. ಅಕ್ಟೋಬರ್‌ನಲ್ಲಿ ಲೈಪ್‌ಸಿಗ್ ಕೋರ್ಟು ಅರ್ಧ ಇತ್ತ ಅರ್ಧ ಅತ್ತ ತೀರ್ಪು ಕೊಟ್ಟಿತು. ಅಷ್ಟೊತ್ತಿಗೆ ಪೊಲೀಸ್ ಇಲಾಖೆ ಕೈಬದಲಾಗಿ ಮೂರು ತಿಂಗಳಾಗಿತ್ತು.

ನಮಗೆ ರಾಷ್ಟ್ರಪತಿ ಆಳ್ವಿಕೆ ಹೇರುವುದು ಹೊಸ ಸುದ್ದಿಯಲ್ಲ. ಹಾಗಾಗಿ ಇದನ್ನು ಓದಿದಾಗ "ಇಷ್ಟೇನಾ" ಅನ್ನಿಸಬಹುದು. ಆದರೆ ಆ ದಿನ ಪಾಪೆನ್ ಸುಮ್ನೆ ಒಂದು ರಾಜ್ಯ ಸರ್ಕಾರ ಬೀಳಿಸಲಿಲ್ಲ. ಪ್ರಷ್ಯಾದ ಪೊಲೀಸ್ ಪಡೆ ಅನ್ನೋ ಬೀಗದಕೈಯನ್ನು ಅದರ ಮಾಲೀಕರಿಂದ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಯಾಕೆ? ಯಾರೂ ಅವನಿಗೆ ಮೋಸ ಮಾಡಿರಲಿಲ್ಲ, ಹಿಟ್ಲರ್ ಆಗ ಸರ್ಕಾರದ ಒಳಗೆ ಇರಲೇ ಇಲ್ಲ. ಸಂಸತ್ತು, ಪಕ್ಷ, ಕಾರ್ಮಿಕ ಸಂಘ, ಎಲ್ಲರಿಗೂ ಒಂದೊಂದು ಓಟು, ಇದ್ಯಾವುದೂ ಪಾಪೆನ್‌ಗೆ ಇಷ್ಟವಿರಲಿಲ್ಲ. ಅವನು "ಹೊಸ ರಾಜ್ಯ" ಅಂತ ಮಾತಾಡುತ್ತಿದ್ದ: ಮೇಲೆ ಗಟ್ಟಿ ಅಧ್ಯಕ್ಷ, ಜೊತೆಗೆ ಮೇಲ್ವರ್ಗದ ಮೇಲ್ಮನೆ, ಕೆಳಗೆ ಹಲ್ಲಿಲ್ಲದ ಸಂಸತ್ತು. ಗಣರಾಜ್ಯ ಮುರಿಯುವುದು ಅವನದೇ ಕಾರ್ಯಕ್ರಮ. ಹಿಟ್ಲರ್ ಅವನಿಗೆ ಸಿಕ್ಕಿದ್ದು ಆಮೇಲೆ.

ಅವನ ಆಡಳಿತದಲ್ಲಿ ಒಂದು ನಗೆಪಾಟಲಿನ ದಿನವೂ ಇದೆ. ಸೆಪ್ಟೆಂಬರ್ 12ಕ್ಕೆ ಹೊಸ ಸಂಸತ್ತು ಸೇರಿತು. ಸಭಾಧ್ಯಕ್ಷನ ಕುರ್ಚಿಯಲ್ಲಿ ನಾಜಿ ನಾಯಕ ಹರ್ಮನ್ ಗೋರಿಂಗ್. ಕಮ್ಯುನಿಸ್ಟರು ದಿಢೀರನೆ ಅವಿಶ್ವಾಸ ನಿರ್ಣಯ ತಂದರು. ಯಾರಾದರೂ ಒಬ್ಬರು ಆಕ್ಷೇಪಿಸಿದ್ದರೂ ಅದು ನಿಲ್ಲುತ್ತಿತ್ತು, ಯಾರೂ ಏಳಲಿಲ್ಲ. ವಿಸರ್ಜನೆಯ ಆದೇಶ ಪತ್ರವನ್ನು ಪಾಪೆನ್ ಜೊತೆಗೆ ತಂದೇ ಇರಲಿಲ್ಲ! ಅರ್ಧ ಗಂಟೆ ಬಿಡುವು ಸಿಕ್ಕಿತು. ಆಳು ಓಡಿ ಕೆಂಪು ಕಡತ ತಂದ. ಪಾಪೆನ್ ಅದನ್ನು ಕೈಯಲ್ಲಿ ಹಿಡಿದು ಮಾತಾಡಲು ಎದ್ದ. ಗೋರಿಂಗ್ ಬೇಕಂತಲೇ ಇನ್ನೊಂದು ಕಡೆ ಮುಖ ತಿರುಗಿಸಿ "ಮತದಾನ ಶುರುವಾಗಿದೆ" ಅಂದ. ಪಾಪೆನ್ ಸಿಟ್ಟಿನಿಂದ ಕಾಗದವನ್ನು ಅವನ ಮೇಜಿನ ಮೇಲಿಟ್ಟು ಮಂತ್ರಿಗಳ ಜೊತೆ ಹೊರನಡೆದ. ಮತ ಎಣಿಸಿದರೆ ಸರ್ಕಾರದ ವಿರುದ್ಧ 512, ಪರವಾಗಿ 42. ಕಾನೂನಿನ ಪ್ರಕಾರ ವಿಸರ್ಜನೆಯೇ ಊರ್ಜಿತವಾಯ್ತು. ಆದರೆ ಇಡೀ ದೇಶಕ್ಕೆ ಈ ಮನುಷ್ಯನ ಹಿಂದೆ ಯಾರೂ ಇಲ್ಲ ಅನ್ನೋದು ಗೊತ್ತಾಯ್ತು.

ನವೆಂಬರ್ ಚುನಾವಣೆ ಆದಮೇಲೂ ಅವನಿಗೆ ಬೆಂಬಲ ಹುಟ್ಟಲಿಲ್ಲ. ಸಂಸತ್ತನ್ನು ಅನಿರ್ದಿಷ್ಟ ಕಾಲ ಮುಚ್ಚಿ ಸೇನೆಯ ಬಲದಿಂದ ಆಳೋಣ ಅಂದ. ಮುದಿ ಅಧ್ಯಕ್ಷ ಅದಕ್ಕೂ ತಲೆಯಾಡಿಸಿದ. ಆಗ ಶ್ಲೈಖರ್ ತಿರುಗಿಬಿದ್ದ. ನಾಜಿಗಳೂ ಕಮ್ಯುನಿಸ್ಟರೂ ಒಟ್ಟಿಗೆ ಎದ್ದರೆ ಸೇನೆಗೆ ತಡೆಯೋಕೆ ಆಗಲ್ಲ ಅಂತ ಒಬ್ಬ ಮೇಜರ್ ಕೈಲಿ ಸಂಪುಟದ ಮುಂದೆ ವರದಿ ಓದಿಸಿದ. ಮಂತ್ರಿಗಳು ಪಾಪೆನ್‌ನನ್ನು ಕೈಬಿಟ್ಟರು. ಡಿಸೆಂಬರ್ 3ಕ್ಕೆ ಶ್ಲೈಖರ್ ತಾನೇ ಚಾನ್ಸಲರ್ ಆದ. ಟೋಪಿಯನ್ನು ತೆಗೆದು ಗೂಟಕ್ಕೆ ಹಾಕಿದ ಹಾಗಾಯ್ತು.

ಈ ಅವಮಾನ ಪಾಪೆನ್‌ಗೆ ಇಳಿಯಲಿಲ್ಲ. ಇಲ್ಲಿ ಒಂದು ಚಿಕ್ಕ ವಿಷಯ ಗಮನಿಸಿ, ದೊಡ್ಡ ಪುಸ್ತಕಗಳು ಇದನ್ನು ಒಂದೇ ಸಾಲಲ್ಲಿ ದಾಟಿಬಿಡುತ್ತವೆ. ಹಿಂಡೆನ್‌ಬರ್ಗ್ ಅವನನ್ನು ಬೀಳ್ಕೊಡುವಾಗ ತನ್ನ ಫೋಟೋ ಕೊಟ್ಟ. ಕೆಳಗೆ ಸೈನಿಕರು ಸತ್ತ ಗೆಳೆಯನಿಗಾಗಿ ಹಾಡುವ ಹಾಡಿನ ಸಾಲು, "ನನಗೊಬ್ಬ ಗೆಳೆಯನಿದ್ದ" ಅಂತ ಬರೆದುಕೊಟ್ಟಿದ್ದ. ಅಷ್ಟು ಪ್ರೀತಿ. ಅಧಿಕಾರ ಹೋದರೂ ಪಾಪೆನ್ ವಿಲ್‌ಹೆಲ್ಮ್ ಬೀದಿಯ ಸರ್ಕಾರಿ ಮನೆ ಖಾಲಿ ಮಾಡಲಿಲ್ಲ. ಅಧ್ಯಕ್ಷರ ಅರಮನೆ ರಿಪೇರಿಯಲ್ಲಿತ್ತು, ಹಾಗಾಗಿ ಹಿಂಡೆನ್‌ಬರ್ಗ್ ಕೂಡ ಅಲ್ಲೇ ಪಕ್ಕದ ಚಾನ್ಸಲರ್ ಕಟ್ಟಡದಲ್ಲಿ ವಾಸ. ಹಿತ್ತಲ ತೋಟದೊಳಗಿಂದ ನಡೆದುಹೋದರೆ ಮುದುಕನ ಮನೆ. ಚಾನ್ಸಲರ್ ಶ್ಲೈಖರ್ ಮುಂಬಾಗಿಲಲ್ಲಿ ಸಮಯ ಕೇಳಿ ಹೋಗಬೇಕು. ಮಾಜಿ ಚಾನ್ಸಲರ್ ಹಿತ್ತಲಿಂದ ಹೋಗಿ ಬರಬಹುದು.

1933ರ ಜನವರಿ 4. ಕಲೋನ್ ನಗರ. ಬ್ಯಾಂಕರ್ ಕುರ್ಟ್ ಫಾನ್ ಶ್ರೋಡರ್ ಮನೆ. ಪಾಪೆನ್ ಬಂದು ಬಾಡಿಗೆ ಕಾರಿನಿಂದ ಇಳಿದರೆ ಬಾಗಿಲ ಹತ್ತಿರ ಒಬ್ಬ ಫೋಟೋಗ್ರಾಫರ್ ಕ್ಯಾಮೆರಾ ಹಿಡಿದು ನಿಂತಿದ್ದಾನೆ! ಗುಟ್ಟಿನ ಭೇಟಿ ಮಾರನೇ ದಿನವೇ ಬರ್ಲಿನ್ ಪತ್ರಿಕೆಯಲ್ಲಿ. (ಚೆಕ್ ಪುಸ್ತಕ ನೆನಪಾಯ್ತಾ?) ಒಳಗೆ ಅವನೂ ಹಿಟ್ಲರೂ ಎರಡು ಗಂಟೆ ಮಾತಾಡಿದರು. ಶ್ಲೈಖರ್‌ನನ್ನು ಇಳಿಸಿ ಇಬ್ಬರೂ ಸೇರಿ ಸರ್ಕಾರ ಮಾಡೋದು ಹೇಗೆ ಅನ್ನೋದೇ ಮಾತು. ಮುಳುಗುತ್ತಿದ್ದ ಹಿಟ್ಲರ್‌ಗೆ ಹಗ್ಗ ಸಿಕ್ಕಿದ್ದು ಅಲ್ಲಿ. ಅವನಿಗೆ ಬೇಕಿದ್ದದ್ದು ಅಧ್ಯಕ್ಷರ ಮನೆಯ ಬಾಗಿಲು. ಆ ಬಾಗಿಲು ತೆಗೆಸುವ ಶಕ್ತಿ ಇದ್ದ ಕೆಲವೇ ಜನರಲ್ಲಿ ಒಬ್ಬ ಅವನ ಎದುರಿಗೆ ಕೂತಿದ್ದ.

ಜನವರಿ 15ಕ್ಕೆ ಲಿಪ್ಪೆ ಅನ್ನೋ ಪುಟ್ಟ ರಾಜ್ಯದಲ್ಲಿ ಚುನಾವಣೆ. ಒಂದು ಲಕ್ಷದಷ್ಟು ಓಟಿನ ಊರು. ನಾಜಿಗಳು ತಮ್ಮಲ್ಲಿದ್ದ ಕಾಸೆಲ್ಲ ಅಲ್ಲೇ ಸುರಿದು ಶೇಕಡಾ 39 ಚಿಲ್ಲರೆ ಗಳಿಸಿದರು, ನಾವು ಮತ್ತೆ ಎದ್ದೆವು ಅಂತ ಡಂಗುರ ಸಾರಿದರು. ಆಮೇಲೆ ಬರ್ಲಿನ್‌ನ ಡಾಲೆಮ್ ಬಡಾವಣೆಯಲ್ಲಿ ರಿಬ್ಬೆನ್‌ಟ್ರಾಪ್ ಅನ್ನೋ ಷಾಂಪೇನ್ ವ್ಯಾಪಾರಿಯ ಬಂಗಲೆಯಲ್ಲಿ ರಾತ್ರಿ ಭೇಟಿಗಳು. ಜನವರಿ 22ಕ್ಕೆ ಅಲ್ಲಿಗೆ ಅಧ್ಯಕ್ಷರ ಮಗ ಓಸ್ಕರ್ ಮತ್ತು ಅಧ್ಯಕ್ಷರ ಕಾರ್ಯದರ್ಶಿ ಮೈಸ್ನರ್ ಬಂದರು. ಮಗನ ಜೊತೆ ಹಿಟ್ಲರ್ ಬೇರೆ ಕೋಣೆಯಲ್ಲಿ ಒಂದು ಗಂಟೆ ಮಾತಾಡಿದ.

ಹಿಂಡೆನ್‌ಬರ್ಗ್‌ಗೆ ಹಿಟ್ಲರ್ ಕಂಡರೆ ಆಗುತ್ತಿರಲಿಲ್ಲ. "ಆ ಬೊಹೀಮಿಯಾದ ಕಾರ್ಪೊರಲ್" ಅಂತಲೇ ಕರೆಯುತ್ತಿದ್ದ. ಆಗಸ್ಟ್‌ನಲ್ಲಿ ಚಾನ್ಸಲರ್ ಹುದ್ದೆ ಕೇಳಿದ ಹಿಟ್ಲರ್‌ಗೆ ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅಂದಿದ್ದ. ಅವನ ಮನಸ್ಸು ತಿರುಗಿಸಿದವರಲ್ಲಿ ಪಾಪೆನ್ ಮುಖ್ಯ. ಅವನ ವಾದ ಕೇಳೋಕೆ ಬುದ್ಧಿವಂತಿಕೆ ಥರಾನೇ ಇದೆ: ಹಿಟ್ಲರ್ ಚಾನ್ಸಲರ್ ಆಗಲಿ, ನಾನು ಉಪ ಚಾನ್ಸಲರ್. ಸಂಪುಟದಲ್ಲಿ 11 ಜನ, ನಾಜಿಗಳು ಮೂರೇ ಮೂರು, ಉಳಿದ ಎಂಟು ನಮ್ಮವರು. ಸೇನೆ, ಹಣಕಾಸು, ವಿದೇಶಾಂಗ ನಮ್ಮದು. ಹಿಟ್ಲರ್ ಅಧ್ಯಕ್ಷರನ್ನು ಕಾಣಬೇಕಾದರೆ ಪಕ್ಕದಲ್ಲಿ ನಾನು ಇರಲೇಬೇಕು. ಗೂಳಿಗೆ ಮೂಗುದಾರ ಹಾಕಿ ನಾವು ಉಳುಮೆ ಮಾಡಿಸೋಣ ಅನ್ನೋ ಲೆಕ್ಕ.

ಶ್ಲೈಖರ್ ಜನವರಿ 28ಕ್ಕೆ ರಾಜೀನಾಮೆ ಕೊಟ್ಟ. ಸಂಸತ್ತು ವಿಸರ್ಜಿಸಿ ಚುನಾವಣೆ ಮುಂದಕ್ಕೆ ಹಾಕಲು ಅವನು ಅಪ್ಪಣೆ ಕೇಳಿದ್ದ, ಹಿಂಡೆನ್‌ಬರ್ಗ್ ಕೊಡಲಿಲ್ಲ. ಡಿಸೆಂಬರ್‌ನಲ್ಲಿ ಪಾಪೆನ್ ಕೇಳಿದ್ದೂ ಅದನ್ನೇ, ಶ್ಲೈಖರ್ ತಪ್ಪಿಸಿದ್ದೂ ಅದನ್ನೇ.

ಜನವರಿ 30, ಸೋಮವಾರ. ಪಾಪೆನ್ ಸೇರಿಸಿದ ಜನ ಎಲ್ಲ ಮೈಸ್ನರ್ ಕೋಣೆಯಲ್ಲಿ ನಿಂತಿದ್ದಾರೆ. 11 ಗಂಟೆಗೆ ಪ್ರಮಾಣವಚನ. ಅಲ್ಲಿ ನಿಂತೇ ಜಗಳ ಶುರು. ಹಿಟ್ಲರ್‌ಗೆ ಕೂಡಲೇ ಹೊಸ ಚುನಾವಣೆ ಬೇಕು. ಆರ್ಥಿಕ ವ್ಯವಹಾರಗಳ ಮಂತ್ರಿ ಆಗಬೇಕಿದ್ದ ಆಲ್‌ಫ್ರೆಡ್ ಹೂಗೆನ್‌ಬರ್ಗ್ ಆಗಲ್ಲ ಅಂದ. ಇವನು ಜರ್ಮನ್ ನ್ಯಾಷನಲ್ ಪಕ್ಷದ ಮುಖಂಡ, ಪತ್ರಿಕೆ, ಸುದ್ದಿಸಂಸ್ಥೆ, ಊಫಾ ಸಿನಿಮಾ ಕಂಪನಿ ಎಲ್ಲದರ ಒಡೆಯ. ಚುನಾವಣೆ ಆದರೆ ಲಾಭ ಯಾರಿಗೆ ಅನ್ನೋದು ಅವನಿಗೆ ಗೊತ್ತಿತ್ತು. ಫಲಿತಾಂಶ ಏನೇ ಬರಲಿ ಸಂಪುಟ ಬದಲಾಯಿಸಲ್ಲ ಅಂತ ಹಿಟ್ಲರ್ ಮಾತು ಕೊಟ್ಟ. ಮಾತು ಕೊಟ್ಟಮೇಲೆ ಅನುಮಾನ ಯಾಕೆ ಅಂತ ಪಾಪೆನ್ ಹೂಗೆನ್‌ಬರ್ಗ್‌ನನ್ನೇ ಗೋಗರೆದ. ಹೂಗೆನ್‌ಬರ್ಗ್ ಜಗ್ಗಲಿಲ್ಲ. ಹೊತ್ತು ಮೀರಿತು. ಅಧ್ಯಕ್ಷರನ್ನು ಇನ್ನೂ ಕಾಯಿಸೋಕಾಗಲ್ಲ ಅಂತ ಮೈಸ್ನರ್ ಬಂದು ಅವಸರ ಮಾಡಿದ. ಅಷ್ಟಕ್ಕೇ ಜಗಳ ನಿಂತುಹೋಯ್ತು. ಎಲ್ಲರೂ ಸಾಲಾಗಿ ಒಳಗೆ ನಡೆದರು. ಮುದುಕ ಕಾಯುತ್ತಿದ್ದಾನೆ ಅನ್ನೋ ಸಂಕೋಚ ಆ ಒಂದು ಪ್ರಶ್ನೆಗಿಂತ ದೊಡ್ಡದಾಯ್ತು.

ಆಮೇಲೆ ಯಾರೋ ಎಚ್ಚರಿಸಿದಾಗ ಪಾಪೆನ್ ಹೇಳಿದ ಮಾತು ಪ್ರಸಿದ್ಧ: "ನೀವು ತಪ್ಪು ತಿಳಿದಿದ್ದೀರಿ. ನಾವು ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದೇವೆ." ಇನ್ನೊಬ್ಬ ಹಳೇ ಜಮೀನ್ದಾರ ಗೆಳೆಯನಿಗೆ, ಎರಡು ತಿಂಗಳಲ್ಲಿ ಹಿಟ್ಲರ್‌ನನ್ನು ಎಷ್ಟು ಮೂಲೆಗೆ ಒತ್ತುತ್ತೇವೆ ಅಂದರೆ ಅವನು ಕೀಂಯ್ ಅಂತಾನೆ ಅಂದಿದ್ದ.

ಈಗ ಆ ಎಂಟು–ಮೂರರ ಲೆಕ್ಕಕ್ಕೆ ಬನ್ನಿ. ಆ ಮೂರು ಯಾರು? ಹಿಟ್ಲರ್ ಚಾನ್ಸಲರ್. ಫ್ರಿಕ್ ಗೃಹಮಂತ್ರಿ. ಗೋರಿಂಗ್ ಖಾತೆಯಿಲ್ಲದ ಮಂತ್ರಿ, ಜೊತೆಗೆ ಪ್ರಷ್ಯಾದ ಗೃಹ ಇಲಾಖೆ. ಅಂದರೆ ಪ್ರಷ್ಯಾದ ಪೊಲೀಸ್! ಜುಲೈ 20ಕ್ಕೆ ಪಾಪೆನ್ ಕಿತ್ತುಕೊಂಡಿದ್ದ ಬೀಗದಕೈ ಈಗ ಗೋರಿಂಗ್ ಕೈಯಲ್ಲಿ. ಕಾಗದದ ಮೇಲೆ ಗೋರಿಂಗ್‌ಗೆ ಮೇಲಧಿಕಾರಿ ಪಾಪೆನ್, ಯಾಕೆಂದರೆ ಪ್ರಷ್ಯಾದ ಆಯುಕ್ತ ಇನ್ನೂ ಅವನೇ. ಗೋರಿಂಗ್ ಆ ಕಾಗದ ಓದುವ ಗೋಜಿಗೇ ಹೋಗಲಿಲ್ಲ. ಫೆಬ್ರವರಿ 17ಕ್ಕೆ, ಗುಂಡು ಹಾರಿಸಲು ಹಿಂಜರಿಯಬೇಡಿ, ನಿಮ್ಮ ಹಿಂದೆ ನಾನಿದ್ದೇನೆ ಅಂತ ಪೊಲೀಸರಿಗೆ ಆದೇಶ ಕೊಟ್ಟ. 22ಕ್ಕೆ ಎಸ್‌ಎ, ಎಸ್‌ಎಸ್ (ಹಿಟ್ಲರ್‌ನ ಕಾವಲು ಪಡೆ) ಮತ್ತು ಬಲಪಂಥೀಯ ಮಾಜಿ ಸೈನಿಕರ ಪಡೆಯಿಂದ 50,000 ಜನರಿಗೆ ತೋಳುಪಟ್ಟಿ ಕಟ್ಟಿ ಸಹಾಯಕ ಪೊಲೀಸ್ ಮಾಡಿದ. ಬೀದಿಯಲ್ಲಿ ಹೊಡೆದಾಡುತ್ತಿದ್ದವರೇ ಈಗ ಕಾನೂನು.

ಆಮೇಲಿನದು ನಿಮಗೆ ಗೊತ್ತು. ಫೆಬ್ರವರಿ 27ಕ್ಕೆ ಸಂಸತ್ ಭವನಕ್ಕೆ ಬೆಂಕಿ, ಮಾರನೇ ದಿನ ಮೂಲಭೂತ ಹಕ್ಕುಗಳ ರದ್ದು, ಮಾರ್ಚ್ 5ಕ್ಕೆ ಚುನಾವಣೆ. ಇಷ್ಟೆಲ್ಲ ಹೆದರಿಸಿದರೂ ನಾಜಿಗಳಿಗೆ ಬಂದದ್ದು ಶೇಕಡಾ 43.9. ಆಗಲೂ ಒಂಟಿ ಬಹುಮತವಿಲ್ಲ! ಹೂಗೆನ್‌ಬರ್ಗ್–ಪಾಪೆನ್ ಕೂಟದ ಶೇಕಡಾ 8 ಸೇರಿ ಅರ್ಧ ದಾಟಿತು. ಮಾರ್ಚ್ 23ಕ್ಕೆ ಸಂಸತ್ತು 444ಕ್ಕೆ 94 ಮತಗಳಿಂದ ತನ್ನ ಅಧಿಕಾರವನ್ನು ಸಂಪುಟಕ್ಕೆ ಬರೆದುಕೊಟ್ಟಿತು. ವಿರೋಧವಾಗಿ ಮತ ಹಾಕಿದವರು ಸೋಷಿಯಲ್ ಡೆಮಾಕ್ರಾಟರು ಮಾತ್ರ. ಇನ್ನು ಅಧ್ಯಕ್ಷರ ಸಹಿಯೂ ಬೇಡ. ಸಹಿಯೇ ಬೇಡ ಅಂದಮೇಲೆ ಸಹಿ ಹಾಕುವವನ ಪಕ್ಕದಲ್ಲಿ ನಿಂತ ಪಾಪೆನ್ ಯಾಕೆ ಬೇಕು? ಏಪ್ರಿಲ್‌ನಲ್ಲಿ ಪ್ರಷ್ಯಾದ ಆಯುಕ್ತನ ಹುದ್ದೆ ಹೋಯ್ತು, ಗೋರಿಂಗ್ ಅಲ್ಲಿನ ಮುಖ್ಯಮಂತ್ರಿ ಆದ. ಜೂನ್ ಕೊನೆಗೆ ಹೂಗೆನ್‌ಬರ್ಗ್ ಮನೆಗೆ ಹೋದ, ಅವನ ಪಕ್ಷ ತಾನೇ ಬಾಗಿಲು ಮುಚ್ಚಿತು. ಹಳ್ಳಿ ಕಡೆ ಹೇಳುವ ಹಾಗೆ, ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಹಿಂಡೆನ್‌ಬರ್ಗ್‌ಗೆ ವಯಸ್ಸಾಗಿತ್ತು, ಪಾಪೆನ್ ಪೆದ್ದ, ಹೂಗೆನ್‌ಬರ್ಗ್ ಹಟಮಾರಿ ಅಂತ ಬರೆಯುವವರಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಪಾಪೆನ್ ತಪ್ಪು ತಿಳಿದದ್ದು ಒಂದೇ ವಿಷಯ, ಯಜಮಾನ ಯಾರು ಅನ್ನೋದು. ಕೆಲಸ ಏನು ಅನ್ನೋದರಲ್ಲಿ ಅವನಿಗೆ ಗೊಂದಲವಿರಲಿಲ್ಲ. ಸಂಸತ್ತು ಮುಗಿಸಬೇಕು, ಎಡಪಂಥೀಯರನ್ನು ಅಡಗಿಸಬೇಕು. ಅದನ್ನು ಹಿಟ್ಲರ್ ಮಾಡಿದಾಗ ಅವನು ಸಂಪುಟದಲ್ಲಿ ಕೂತೇ ಇದ್ದ. ಜುಲೈನಲ್ಲಿ ರೋಮ್‌ಗೆ ಹೋಗಿ ಪೋಪ್ ಕಡೆಯವರ ಜೊತೆ ಒಪ್ಪಂದಕ್ಕೆ ಸಹಿಯನ್ನೂ ಹಾಕಿ ಬಂದ. ಹೊಸ ಸರ್ಕಾರಕ್ಕೆ ಹೊರಗಡೆ ಮರ್ಯಾದೆ ತಂದುಕೊಟ್ಟ ಒಪ್ಪಂದ ಅದು.

ಒಂದು ಸಲ ಮಾತ್ರ ಬಾಯಿ ಬಿಟ್ಟ. 1934ರ ಜೂನ್ 17, ಮಾರ್ಬುರ್ಗ್ ವಿಶ್ವವಿದ್ಯಾಲಯ. ಭಯದ ಆಡಳಿತ, ಪತ್ರಿಕೆಗಳ ಬಾಯಿ ಮುಚ್ಚಿಸುವುದು, ಇದನ್ನೆಲ್ಲ ಖಂಡಿಸಿ ಭಾಷಣ ಮಾಡಿದ. ಬರೆದುಕೊಟ್ಟವನು ಅವನ ಆಪ್ತ ಎಡ್ಗರ್ ಯುಂಗ್. ಪ್ರಚಾರ ಮಂತ್ರಿ ಗೊಬೆಲ್ಸ್ ಅದನ್ನು ಅಚ್ಚಾಗದಂತೆ ತಡೆದ. ಜೂನ್ 30ಕ್ಕೆ ಹಿಟ್ಲರ್ ತನ್ನದೇ ಎಸ್‌ಎ ನಾಯಕರನ್ನೂ ಹಳೇ ವಿರೋಧಿಗಳನ್ನೂ ಕೊಲ್ಲಿಸಿದ. ಶ್ಲೈಖರ್‌ನನ್ನು ಮನೆಗೇ ನುಗ್ಗಿ ಕೊಂದರು, ಹೆಂಡತಿಯನ್ನೂ ಬಿಡಲಿಲ್ಲ. ಸ್ಟ್ರಾಸರ್‌ನನ್ನೂ ಕೊಂದರು. ಪಾಪೆನ್ ಕಚೇರಿಗೆ ಬಂದ ಎಸ್‌ಎಸ್‌ನವರು ಅವನ ಪತ್ರಿಕಾ ಅಧಿಕಾರಿ ಹರ್ಬರ್ಟ್ ಫಾನ್ ಬೋಸೆಯನ್ನು ಮಾತಾಡೋದಿದೆ ಅಂತ ಕೋಣೆಯೊಳಗೆ ಕರೆದು ಬೆನ್ನಿಗೆ ಗುಂಡಿಟ್ಟರು. ಯುಂಗ್‌ನನ್ನೂ ಮುಗಿಸಿದರು. ಪಾಪೆನ್‌ನನ್ನು ಮನೆಯಲ್ಲೇ ಕಾವಲಿನಲ್ಲಿಟ್ಟು ಬಿಟ್ಟರು.

ಈಗ ಅವನು ಏನು ಮಾಡಬಹುದಿತ್ತು? ದೇಶ ಬಿಡಬಹುದಿತ್ತು. ಕಡೇಪಕ್ಷ ಸುಮ್ನೆ ಮನೆಯಲ್ಲಿ ಕೂರಬಹುದಿತ್ತು. ಜುಲೈನಲ್ಲಿ ಹಿಟ್ಲರ್‌ಗೆ ಹೊಗಳಿ ಪತ್ರ ಬರೆದ. ಜುಲೈ 25ಕ್ಕೆ ವಿಯೆನ್ನಾದಲ್ಲಿ ನಾಜಿಗಳು ಆಸ್ಟ್ರಿಯಾದ ಚಾನ್ಸಲರ್ ಡಾಲ್‌ಫುಸ್‌ನನ್ನು ಕೊಂದರು. ಕೊಲೆಯ ಕಲೆ ಒರೆಸಲು ಮರ್ಯಾದಸ್ಥನಂತೆ ಕಾಣುವ ಒಬ್ಬ ಕ್ಯಾಥೊಲಿಕ್ ಬೇಕಿತ್ತು. ಹಿಟ್ಲರ್ ಪಾಪೆನ್‌ಗೆ ಫೋನ್ ಮಾಡಿದ. ಬೋಸೆ ಸತ್ತು ಒಂದು ತಿಂಗಳೂ ಆಗಿರಲಿಲ್ಲ. ಪಾಪೆನ್ ವಿಯೆನ್ನಾಕ್ಕೆ ರಾಯಭಾರಿಯಾಗಿ ಹೋದ. ಅವನು ಗೊತ್ತಿದ್ದೇ ಮಾಡಿದನಾ ಅನ್ನೋ ನಿಮ್ಮ ಪ್ರಶ್ನೆಗೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಸ್ಟ್ರಿಯಾವನ್ನು ನುಂಗುವ ಮುಂಚಿನ ಮಾತುಕತೆಗಳಲ್ಲಿ ಇದ್ದ. 1939ರಿಂದ 1944ರವರೆಗೆ ಟರ್ಕಿಯಲ್ಲಿ ರಾಯಭಾರಿ. ಅಂಕಾರಾದಲ್ಲಿ ಅವನ ಹತ್ತಿರವೇ ಬಾಂಬ್ ಸಿಡಿದರೂ ಬದುಕಿಕೊಂಡ.

ಇನ್ನು ಶಿಕ್ಷೆಯ ವಿಷಯ. ನ್ಯೂರೆಂಬರ್ಗ್‌ನ ದೊಡ್ಡ ಯುದ್ಧಾಪರಾಧ ವಿಚಾರಣೆಯಲ್ಲಿ ಗೋರಿಂಗ್, ರಿಬ್ಬೆನ್‌ಟ್ರಾಪ್ ಜೊತೆ ಅವನೂ ಆರೋಪಿ. 1946ರ ಅಕ್ಟೋಬರ್ 1ಕ್ಕೆ ಬಿಡುಗಡೆಯಾದ ಮೂವರಲ್ಲಿ ಅವನೊಬ್ಬ. ಸೋವಿಯತ್ ನ್ಯಾಯಾಧೀಶರು ಒಪ್ಪಲಿಲ್ಲ. ಆದರೆ ಅವನ ಮೇಲಿದ್ದ ಆರೋಪ ಆಕ್ರಮಣಕಾರಿ ಯುದ್ಧ ಹೂಡಿದ್ದು, ಅದಕ್ಕೆ ಸಂಚು ಮಾಡಿದ್ದು. ಆಸ್ಟ್ರಿಯಾದಲ್ಲಿ ಅವನು ಒಳಸಂಚು, ಬೆದರಿಕೆ ಎಲ್ಲ ಮಾಡಿದ್ದಾನೆ, ಆದರೆ ರಾಜಕೀಯ ನೀತಿಗೆಟ್ಟ ನಡತೆಯನ್ನು ತಮ್ಮ ಸನ್ನದು ಅಪರಾಧ ಅಂತ ಹೇಳಿಲ್ಲ ಅಂದಿತು ನ್ಯಾಯಮಂಡಳಿ. ಒಬ್ಬನನ್ನು ಚಾನ್ಸಲರ್ ಮಾಡಿಸಿದ್ದಕ್ಕೆ ಯಾವ ಸೆಕ್ಷನ್ ಹಾಕುತ್ತೀರಿ ಹೇಳಿ? ಆಮೇಲೆ 1947ರಲ್ಲಿ ಜರ್ಮನ್ ಕೋರ್ಟೊಂದು ನಾಜಿ ಸಂಬಂಧಕ್ಕಾಗಿ ಎಂಟು ವರ್ಷ ಕಾರ್ಮಿಕ ಶಿಬಿರದ ಶಿಕ್ಷೆ ಕೊಟ್ಟಿತು. 1949ರಲ್ಲೇ ಮೇಲ್ಮನವಿಯಲ್ಲಿ ಹೊರಗೆ ಬಂದ. 1952ರಲ್ಲಿ ತನ್ನನ್ನು ಸಮರ್ಥಿಸಿಕೊಂಡು ದಪ್ಪ ಆತ್ಮಕಥೆ ಪ್ರಕಟಿಸಿದ.

1969ರ ಮೇ 2ರಂದು ಬಾಡೆನ್‌ನ ಓಬರ್‌ಜಾಸ್‌ಬಾಖ್‌ನಲ್ಲಿ ತೀರಿಕೊಂಡ. ಆಗ ಅವನಿಗೆ 89 ವರ್ಷ. ಅವನ ಭಾಷಣ ಬರೆದುಕೊಟ್ಟ ಯುಂಗ್‌ಗೆ ಸಾಯುವಾಗ 40.